ಹಸಿರು ಬಾಗಿಲಿನ ಡೈರೆಕ್ಟರ್

ಶಹಾಪುರದ ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ವಿಶ್ವರಾಧ್ಯ ಒಂದು ಆನ್‌ಲೈನ್ ಸೆಂಟರ್ ಇಟ್ಟಿದ್ದಾನೆ. ಜಾತಿ ಪ್ರಮಾಣಪತ್ರ, ಆದಾಯ ಪ್ರಮಾಣಪತ್ರ, ಪಹಣಿ, ಪಾಸ್‌ಪೋರ್ಟ್ ಸೈಜಿನ ಫೋಟೊ. ಇಷ್ಟರಲ್ಲೇ ನೆಮ್ಮದಿಯಿಂದ ಬದುಕಬಹುದಾಗಿದ್ದ ಮನುಷ್ಯ. ಆದರೆ ನಲವತ್ತು ದಾಟಿದ ಮೇಲೆ ಕೆಲವರಿಗೆ ಸಕ್ಕರೆ ಕಾಯಿಲೆ ಬರುತ್ತದೆ, ಕೆಲವರಿಗೆ ಕಲೆ ಬರುತ್ತದೆ. ವಿಶ್ವರಾಧ್ಯನಿಗೆ ಬಂದದ್ದು ಎರಡನೆಯದು. ಸಕ್ಕರೆಗಾದರೆ ಗುಳಿಗೆ ಇದೆ.

ಅವನಿಗೆ ಬಂದ ಕಲೆ ಇಂಥದ್ದು: ಬಾಲ್ಯದಲ್ಲಿ ಆಡಿದ್ದ ಒಂದು ದೆವ್ವದ ವಿಡಿಯೋ ಗೇಮನ್ನು ಈ ಕಾಲದವರಿಗಾಗಿ ಹೊಸದಾಗಿ ಕಟ್ಟಿ ಲೋಕಕ್ಕೆ ಅರ್ಪಿಸುವುದು. ಲೋಕ ಕೇಳಿರಲಿಲ್ಲ. ಲೋಕ ಎಂದೂ ಕೇಳುವುದಿಲ್ಲ, ಅದಕ್ಕೇ ಇಂಥವರು ಹುಟ್ಟುತ್ತಾರೆ.

ಇಪ್ಪತ್ತೇಳು-ಇಪ್ಪತ್ತೆಂಟು ವರ್ಷಗಳ ಹಿಂದೆ ಅದೇ ಅಂಗಡಿಯಲ್ಲಿ ಅವನ ಸೋದರಮಾವ ನೀಲಕಂಠ ಗೇಮ್ ಪಾರ್ಲರ್ ನಡೆಸುತ್ತಿದ್ದ. ಒಂದು ಟಿವಿ, ಒಂದು ಯಂತ್ರ, ಹೆಸರೇ ಇಲ್ಲದ ಒಂದು ಡಿಸ್ಕ್. ಕಿಟಕಿಗಳಿಗೆ ಗೋಣಿಚೀಲ ಹೊಡೆದು ಒಳಗೆ ಹಗಲಲ್ಲೂ ಕತ್ತಲು ಮಾಡಿ, ತಾನು ಟಿವಿಯ ಪಕ್ಕ ಒಂದು ಗೋಣಿಪರದೆಯ ಆಚೆ ಕೂರುತ್ತಿದ್ದ. ಆಟದಲ್ಲಿ ಒಂದು ಪಾಳು ಬಂಗಲೆ, ಅದರೊಳಗೆ ದಾರಿ ತಪ್ಪಿ ಬಂದ ಒಬ್ಬ ಬಡಪಾಯಿ, ಅವನ ಪಿಸ್ತೂಲಿನಲ್ಲಿ ನಾಕಾರು ಗುಂಡು. ಎದುರಿಗೆ ಸತ್ತರೂ ಮಲಗಲು ಒಪ್ಪದ ಜನ. ಗುಂಡು ಹಾರಿಸುವುದಕ್ಕಿಂತ ಓಡುವುದೇ ಹೆಚ್ಚು. ಪರದೆಯ ಮೇಲೆ ಬರುತ್ತಿದ್ದ ಅಕ್ಷರ ಯಾವ ದೇಶದ್ದೋ, ಓದಬಲ್ಲವರು ಇಡೀ ತಾಲೂಕಿನಲ್ಲಿರಲಿಲ್ಲ. ಬಾಗಿಲುಗಳಂತೂ ಸರಕಾರಿ ಫೈಲಿನ ಹಾಗೆ ನಿಧಾನಕ್ಕೆ ತೆರೆದುಕೊಳ್ಳುತ್ತಿದ್ದವು.

ಕೊನೆಗೆ ಒಂದು ಹಸಿರು ಬಾಗಿಲು. ಅದು ಕಿರ್ರೆಂದು ಉದ್ದಕ್ಕೆ ನರಳಿ ತೆರೆಯುತ್ತಿದ್ದಂತೆ ಪರದೆಯೆಲ್ಲ ಕಪ್ಪಾಗುತ್ತಿತ್ತು. ಗೋಣಿಪರದೆಯ ಆಚೆಯಿಂದ ನೀಲಕಂಠ ಮಾಮನ ದನಿ ಬರುತ್ತಿತ್ತು: "ಮುಗೀತು. ಮುಂದಿನವರು ಬರ್ರಿ."

ಆ ಕಪ್ಪು ಆಡಿದ ಹುಡುಗರೆಲ್ಲರ ಎದೆಯಲ್ಲಿ ಕೂತುಬಿಟ್ಟಿತು. ರಾತ್ರಿ ಉಚ್ಚೆಗೆ ಹೊರಗೆ ಹೋಗಲು ಅವ್ವಂದಿರನ್ನು ಎಬ್ಬಿಸುವಂತಾಯಿತು. ಉಳಿದವರು ದೊಡ್ಡವರಾಗಿ ಅದನ್ನು ಮರೆತರು. ವಿಶ್ವರಾಧ್ಯ ಮರೆಯಲಿಲ್ಲ, ತತ್ವಜ್ಞಾನ ಮಾಡಿಕೊಂಡ. ಕಂಡ ದೆವ್ವ ಅರ್ಧ ದೆವ್ವ, ಕಾಣದ್ದೇ ಪೂರ್ತಿ ದೆವ್ವ, ಹಸಿರು ಬಾಗಿಲಿನ ಹಿಂದೆ ಏನಿದೆಯೆಂದು ತೋರಿಸದೆ ಮುಗಿಸಿದವನು ಮಹಾಕಲಾವಿದ ಎಂದು ಮದುವೆ ಮನೆಗಳಲ್ಲಿ ಹೇಳಿದ, ಮಣ್ಣಿಗೆ ಹೋದಲ್ಲಿ ಹೇಳಿದ. ಆದಾಯ ಪ್ರಮಾಣಪತ್ರಕ್ಕೆ ಬಂದ ಬಳಿಚಕ್ರ ಹಳ್ಳಿಯ ರೈತರಿಗೆ, ಅವರ ಕಾಗದವನ್ನು ಕೈಯಲ್ಲಿ ಒತ್ತೆ ಇಟ್ಟುಕೊಂಡು, ಆದ್ಯಂತ ಹೇಳಿದ. ಕಾಗದ ಬೇಕಿದ್ದವರು ಹೌದ್ರಿ, ಹೌದ್ರಿ ಎಂದರು. ಹೀಗೆ ಅವನಿಗೆ ಅಭಿಮಾನಿಗಳು ಹುಟ್ಟಿಕೊಂಡರು.

ಆಟ ಕಟ್ಟುವ ಕೆಲಸ ಮಾಡಿದವಳು ಸುಮಲತಾ. ಕಂಪ್ಯೂಟರ್ ಡಿಪ್ಲೊಮಾ ಮುಗಿಸಿದ್ದ ಸುರಪುರದ ಈ ಹುಡುಗಿ ದಿನಾ ಬಸ್ಸಿನಲ್ಲಿ ಬಂದು ಅಂಗಡಿಯ ಕಂಪ್ಯೂಟರಿನಲ್ಲಿ ಬಂಗಲೆ ಎಬ್ಬಿಸಿದಳು, ಮೆಟ್ಟಿಲು ಇಳಿಸಿದಳು, ಹೆಣಗಳಿಗೆ ನಡೆಯಲು ಕಲಿಸಿದಳು. ವಿಶ್ವರಾಧ್ಯ ಅವಳ ಕುರ್ಚಿಯ ಹಿಂದೆ ನಿಂತು ಮಿರ್ಚಿ ಭಜಿಯ ಎಣ್ಣೆ ಮೆತ್ತಿದ ಬೆರಳಿನಿಂದ ಪರದೆಯನ್ನು ಮುಟ್ಟಿ ಮುಟ್ಟಿ ತೋರಿಸಿದ. ಆಟದ ಆರಂಭದಲ್ಲಿ ಬರುವ ಹೆಸರುಗಳಲ್ಲಿ ಪರಿಕಲ್ಪನೆ, ಕಥೆ, ಸಾಹಸ, ನಿರ್ದೇಶನ ಎಲ್ಲವೂ ಅವನದೇ. ಸುಮಲತಾಳ ಹೆಸರು 'ಟೈಪಿಂಗ್' ಎಂಬಲ್ಲಿ ಬಂತು. ಬಂಗಲೆಯ ಗೋಡೆಗೆ ಹಳೇ ಕಲ್ಲು ಬೇಕೆಂದು ಶಿರವಾಳದ ಗುಡಿಗಳಿಗೆ ಹೋಗಿ ದಿನವಿಡೀ ಫೋಟೊ ತೆಗೆದುಕೊಂಡು ಬಂದ. ನೋಡಿದರೆ ಎಲ್ಲ ಫೋಟೊಗಳಲ್ಲೂ ನಡುವೆ ಅವನೇ ನಿಂತಿದ್ದ. ಸುಮಲತಾ ಅವನನ್ನು ಕತ್ತರಿಸಿ ತೆಗೆದಾಗ ಉಳಿದ ಕಲ್ಲು ಒಂದು ಗೋಡೆಗೆ ಸಾಕಾಯಿತು.

ಆಮೇಲೆ ಈ ಕಾಲದವರ ಚಿಂತೆ ಶುರುವಾಯಿತು. ಕಾಲೇಜು ಹುಡುಗರನ್ನು ಕರೆದು ಅರ್ಧಂಬರ್ಧ ಆಟ ಆಡಿಸಿ ಅಭಿಪ್ರಾಯ ಕೇಳಿದ. ಕತ್ತಲು ಬಹಳಾಯಿತು ಎಂದರು, ಬಂಗಲೆಗೆಲ್ಲ ದೀಪ ಹಾಕಿಸಿದ. ಗುಂಡು ಸಾಲವು ಎಂದರು, ಮುಗಿಯದ ಗುಂಡು ಕೊಡಿಸಿದ. ದಾರಿ ತಿಳಿಯದು ಎಂದರು, ನೆಲದ ಮೇಲೆ ಬಾಣದ ಗುರುತು ಬರೆಸಿದ. ಹೆಣ ದಿಢೀರನೆ ಬಂದರೆ ಗಾಬರಿಯಾಗುತ್ತದೆ ಎಂದು ಒಬ್ಬ ದೂರಿದ. ಅದಕ್ಕೆ ಮುಂಚಿತವಾಗಿ ಗಂಟೆ ಬಾರಿಸಿ ಬರುವಂತೆ ಹೆಣಕ್ಕೆ ಶಿಸ್ತು ಕಲಿಸಲಾಯಿತು. ಸಾಯುವುದನ್ನಂತೂ ತೆಗೆಸಿಯೇಬಿಟ್ಟ. ಏಟು ಬಿದ್ದರೆ ಬಡಪಾಯಿಗೆ ಈಗ ಬರೀ ಸುಸ್ತಾಗುತ್ತದೆ.

ದೆವ್ವದ ದನಿಗೆ ಮುದನಾಳದಿಂದ ದೊಡ್ಡಮ್ಮ ಭೀಮಾಬಾಯಿಯನ್ನು ಕರೆಸಿದ. ಬಾಗಿಲಿಗೆ ಬಂದವನನ್ನು 'ನಿನ್ನ ರಕ್ತ ಕುಡೀತೀನಿ' ಎಂದು ಗದರಬೇಕಿತ್ತು. ಮುದುಕಿ ಒಪ್ಪಲಿಲ್ಲ.

"ಮನಿ ಬಾಗಲಕ ಬಂದವರಿಗೆ ಮೊದಲ ನೀರು ಕೇಳಬೇಕೋ, ರಕ್ತ ಕುಡೀತೀನಿ ಅನ್ನಬೇಕೋ? ನಮ್ಮ ಮಂದ್ಯಾಗ ಹಂಗ ಅಂದವರು ಯಾರೂ ಇಲ್ಲಪಾ."

ಎರಡು ದಿನ ಹೆಣಗಾಡಿದರೂ ಮೈಕಿನ ಮುಂದೆ ಅವಳ ಬಾಯಿಂದ ಹೊರಟದ್ದು "ಬರ್ರಿ, ಕೂಡ್ರಿ, ಯಾವೂರಿನವರು?" ಎಂಬುದಷ್ಟೇ. ಅದೇ ಉಳಿಯಿತು.

ಒಂದು ದಿನ ಸುಮಲತಾ ತಿರುಗಿ ಕೇಳಿದಳು: "ಸರ, ಇದರಾಗ ಅಂಜಿಕಿ ಎಲ್ಲದರಿ?"

ವಿಶ್ವರಾಧ್ಯ ಕರುಣೆಯಿಂದ ನಕ್ಕ. "ಹಸಿರು ಬಾಗಲದ ಹಿಂದ ಅದ, ತಂಗೀ." ಉಳಿದದ್ದನ್ನೆಲ್ಲ ಬದಲಿಸಬಹುದು, ಆ ಬಾಗಿಲು, ಆ ನರಳಾಟ, ಆ ಕಪ್ಪು ಮಾತ್ರ ಇದ್ದಂತೆಯೇ ಇರಬೇಕು ಎಂದು ಅಪ್ಪಣೆ ಮಾಡಿದ.

ಇಷ್ಟಕ್ಕೆ ನಿಂತಿದ್ದರೆ ಯಾರ ಗಂಟೂ ಹೋಗುತ್ತಿರಲಿಲ್ಲ. ಆದರೆ ಅವನು 'ಆನ್‌ಲೈನ್ ಸೆಂಟರ್' ಎಂಬ ಬೋರ್ಡನ್ನು ಇಳಿಸಿ, ಆ ಜಾಗದಲ್ಲಿ 'ವಿಶ್ವರಾಧ್ಯ, ಗೇಮ್ ಡೈರೆಕ್ಟರ್' ಎಂದು ಬರೆಸಿ ತೂಗುಹಾಕಿದ. ಅರ್ಜಿ ಹಿಡಿದು ಬಂದ ಜನ ತಲೆ ಎತ್ತಿ ನೋಡಿ, ಅಂಗಡಿ ಎದ್ದುಹೋಗಿದೆ ಎಂದುಕೊಂಡು ಪಕ್ಕದ ಅಂಗಡಿಗೆ ನಡೆದರು. ಮನೆ ನಡೆಸುವವಳು ಹೆಂಡತಿ ಉಮಾಶ್ರೀ. ಮೊದಲು ಅವಳು ಹೇಳಿ ನೋಡಿದಳು, ಆಮೇಲೆ ಮಾತು ಬಿಟ್ಟಳು, ಕೊನೆಗೆ ಶರತ್ತು ಹಾಕಿದಳು.

"ಆಟ ತಯಾರ ಆದ ದಿನ ನಾಲ್ಕು ಮಂದಿಗಿ ತೋರಸ್ರಿ. ಒಬ್ಬರರೆ ಅಂಜಿದರ ಬೋರ್ಡ್ ಇರಲಿ, ನಾ ಎಂದೂ ಸೊಲ್ಲೆತ್ತಂಗಿಲ್ಲ. ಯಾರೂ ಅಂಜಲಿಲ್ಲಂದರ ನಿಮ್ಮ ಕೈಲೇ ಇಳಸ್ರಿ."

ಹಸಿರು ಬಾಗಿಲನ್ನು ನೆನೆದು ಅವನು ಆಣೆ ಮಾಡಿದ.

ಆಟ ತಯಾರಾದ ಭಾನುವಾರ ಮಧ್ಯಾಹ್ನ ಕಿಟಕಿಗಳಿಗೆ ಮತ್ತೆ ಗೋಣಿಚೀಲ ಬಂತು. ಕಾಲೇಜು ಹುಡುಗರು, ಸುಮಲತಾ, ಉಮಾಶ್ರೀ, ಜತೆಗೆ ಎದುರಿನ ವೆಲ್ಡಿಂಗ್ ಅಂಗಡಿಯ ನಸೀರುದ್ದೀನ. ನಸೀರುದ್ದೀನ ಬಾಲ್ಯದಲ್ಲಿ ವಿಶ್ವರಾಧ್ಯನ ಪಕ್ಕವೇ ಕೂತು ಆಡಿದವನು. ಪಾರ್ಲರ್ ಮುಚ್ಚಿದಾಗ ಆ ಯಂತ್ರ, ಡಿಸ್ಕು, ಟಿವಿ ಎಲ್ಲವನ್ನೂ ಕೊಂಡವನೂ ಅವನೇ. ನಿರ್ದೇಶಕರು ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟು ಭಾಷಣ ಮಾಡಿದರು. ಎದೆ ಗಟ್ಟಿಯಿಲ್ಲದವರು ಹೊರಗೆ ಹೋಗಬಹುದು ಎಂದರು. ಒಬ್ಬ ಹುಡುಗ ಹೋದ. ಅವನು ಚಹಾ ಹೇಳಿ ಬಂದ.

ಆಟ ಆರಂಭವಾಯಿತು. ಬಾಣ ದಾರಿ ತೋರಿಸಿತು, ಗಂಟೆ ಹೊಡೆಯಿತು, ಹೆಣ ಬಂತು, ಮುಗಿಯದ ಗುಂಡು ತಿಂದು ಬಿತ್ತು. ಭೀಮಾಬಾಯಿಯ ದನಿ ಬರ್ರಿ, ಕೂಡ್ರಿ ಎಂದಾಗ ಆಡುತ್ತಿದ್ದವನು ಈಗಷ್ಟೇ ಉಂಡು ಬಂದಿದ್ದೇನೆ ಎಂದು ನಮ್ರವಾಗಿ ಉತ್ತರಿಸಿದ. ವಿಶ್ವರಾಧ್ಯ ತಾಳ್ಮೆಯಿಂದ ಕಾದ. ಕೊನೆಗೆ ಹಸಿರು ಬಾಗಿಲು ಬಂತು, ನರಳಿತು, ಪರದೆ ಕಪ್ಪಾಯಿತು. ಅವನು ಕಣ್ಣು ಮುಚ್ಚಿ ಕೈ ಮೇಲೆತ್ತಿದ, ಚೀತ್ಕಾರಗಳನ್ನು ಸ್ವೀಕರಿಸುವವನಂತೆ.

"ಹ್ಯಾಂಗ್ ಆಗ್ಯದ," ಎಂದ ಒಬ್ಬ ಹುಡುಗ.

ಇನ್ನೊಬ್ಬ ವಯರು ಅಲುಗಾಡಿಸಿದ. ಮತ್ತೊಬ್ಬ ಫೋನು ತೆಗೆದ. ಅದೇ ಕೊನೆ, ಆ ಕತ್ತಲೇ ಕಲೆ ಎಂದು ವಿಶ್ವರಾಧ್ಯ ತನ್ನ ತತ್ವಜ್ಞಾನವನ್ನು ಮೊದಲಿಂದ ಬಿಚ್ಚುತ್ತಿದ್ದಂತೆ ನಸೀರುದ್ದೀನ ನಗತೊಡಗಿದ. ಅದು ವರ್ಷಗಟ್ಟಲೆ ಕೂಡಿಟ್ಟ ನಗು, ಬೇಗ ಮುಗಿಯಲಿಲ್ಲ. ನಕ್ಕು ಮುಗಿದ ಮೇಲೆ ರಸ್ತೆ ದಾಟಿ ಹೋಗಿ, ಹಳೇ ದಪ್ಪ ಟಿವಿಯನ್ನೂ ಯಂತ್ರವನ್ನೂ ತಳ್ಳುಗಾಡಿಯಲ್ಲಿ ಇಟ್ಟುಕೊಂಡು ಬಂದ.

ಹಳೇ ಆಟ ಶುರುವಾಯಿತು. ಚಿತ್ರ ಮಸುಕು, ಬಾಗಿಲು ನಿಧಾನ, ದಾರಿ ಹೇಳುವವರಿಲ್ಲ. ಅದೇ ಹುಡುಗರು ಮೊದಲು ಹಲ್ಲು ಕಿರಿದರು. ಆಮೇಲೆ ಗುಂಡು ಮುಗಿಯಿತು. ಎಲ್ಲಿಯದೋ ಕಾಲು ಎಳೆಯುವ ಸದ್ದು ಹತ್ತಿರವಾಯಿತು. ಫೋನುಗಳು ಜೇಬಿಗೆ ಹೋದವು. ಒಬ್ಬೊಬ್ಬರೇ ಕಾಲು ಎತ್ತಿ ಕುರ್ಚಿಯ ಮೇಲೆ ಮಡಚಿಕೊಂಡರು. ಚಹಾ ತಂದವನು ಬಾಗಿಲು ತಳ್ಳಿದಾಗ ಮೂವರು ಒಟ್ಟಿಗೆ ಕಿರುಚಿದರು.

"ಅಂಜಿದರು ನೋಡು," ಎಂದು ವಿಶ್ವರಾಧ್ಯ ಹೆಂಡತಿಯ ಕಡೆ ತಿರುಗಿದ.

"ಅದು ನೀವು ಮಾಡಿದ್ದಲ್ಲರಿ," ಎಂದಳು ಉಮಾಶ್ರೀ.

ಅಷ್ಟರಲ್ಲಿ ಹಸಿರು ಬಾಗಿಲು ಬಂದಿತ್ತು. ಅದು ಕಿರ್ರೆಂದು ತೆರೆಯಿತು. ಕಪ್ಪಾಗಲಿಲ್ಲ. ಒಳಗೆ ಒಂದು ಸಣ್ಣ ಕೋಣೆ: ಬೆಚ್ಚಗಿನ ದೀಪ, ಒಂದು ಮಂಚ, ಒಂದು ಮೇಜು, ಜೋಗುಳದಂಥ ಸಂಗೀತ. ಆಟಗಾರನ ಉಸಿರು ಹಗುರಾದದ್ದು ಎಲ್ಲರಿಗೂ ಕೇಳಿಸಿತು. ನಸೀರುದ್ದೀನ ವಿವರಿಸಿದ: ಇಡೀ ಬಂಗಲೆಯಲ್ಲಿ ದೆವ್ವ ಕಾಲಿಡದ ಕೋಣೆ ಇದು, ಇಲ್ಲಿ ದಣಿವಾರಿಸಿಕೊಂಡು ಮುಂದೆ ಹೋಗಬೇಕು, ನಿಜವಾದ ಆಟ ಶುರುವಾಗುವುದೇ ಇದರಾಚೆ.

ವಿಶ್ವರಾಧ್ಯನ ದನಿ ಸಣ್ಣಗಾಗಿತ್ತು. "ಹಂಗಾರ ಆ ಕತ್ತಲಿ?"

"ನಿಮ್ಮ ಮಾಮ ಗೋಣಿಪರದೆ ಹಿಂದ ಕೂತು ಸ್ವಿಚ್ ಆಫ್ ಮಾಡ್ತಿದ್ದ. ಬಾಗಲದ ಸಪ್ಪಳ ಕೇಳಿದರ ಅವಗ ಸಾಲಿ ಗಂಟಿ ಹೊಡದಂಗ. ಇಲ್ಲಂದರ ನಾವು ಏಳ್ತಿದ್ದಿವೇನು? ನಾನು ಮಿಷಿನ್ ಒಯ್ದ ಮ್ಯಾಲ ಕೇಳೀನಿ, ಅವನೇ ಹೇಳ್ಯಾನ."

"ನನಗ್ಯಾಕ ಹೇಳಲಿಲ್ಲಲೇ?"

"ನೀ ಒಮ್ಮೆರೆ ಬಾಯಿ ಮುಚ್ಚಿದ್ದರ ಹೇಳ್ತಿದ್ದೆ."

ಹೀಗೆ, ಅರ್ಧ ಆಯುಷ್ಯ ಆ ಮಹಾನುಭಾವ ಪೂಜಿಸಿದ್ದು ನೀಲಕಂಠ ಮಾಮನ ಹೆಬ್ಬೆರಳನ್ನು. ಬಂಗಲೆಯ ಏಕೈಕ ವಿಶ್ರಾಂತಿ ಕೋಣೆಯನ್ನು ನರಕದ ಬಾಯಿ ಎಂದು ಸಾರುತ್ತ ತಾಲೂಕೆಲ್ಲ ತಿರುಗಿದ್ದ. ಅಂಜಿಸುವುದನ್ನೆಲ್ಲ ಕಿತ್ತು ಬಿಸಾಕಿ, ಸ್ವಿಚ್ಚನ್ನು ಮಾತ್ರ ಭಕ್ತಿಯಿಂದ ಉಳಿಸಿಕೊಂಡಿದ್ದ.

ಆಣೆ ಮಾಡಿದ್ದನಲ್ಲ, ಬೋರ್ಡನ್ನು ತನ್ನ ಕೈಯಾರೆ ಇಳಿಸಿದ. ಉಮಾಶ್ರೀ ಏಣಿ ಹಿಡಿದಳು. ಹುಡುಗರು ಹೊರಗಿನ ಗದ್ದಲಕ್ಕೆ ಗಮನ ಕೊಡದೆ ಹಳೇ ಆಟದಲ್ಲಿ ಹಸಿರು ಬಾಗಿಲಿನಾಚೆ ಹೋಗಿದ್ದರು. ಸುಮಲತಾ ಸಂಬಳ ಇಸಿದುಕೊಂಡು ಸುರಪುರದ ಬಸ್ಸು ಹತ್ತಿದಳು.

ವಿಶ್ವರಾಧ್ಯ ಎರಡು ದಿನ ಯಾರಿಗೂ ಮುಖ ತೋರಿಸಲಿಲ್ಲ. ಊರಿಗೆ ಅಂಥ ಶಾಂತಿ ಹಿಂದೆ ಸಿಕ್ಕಿರಲಿಲ್ಲ. ಆದರೆ ಇಂಥವರನ್ನು ನಮ್ಮ ಕಡೆಯ ಒಂದು ಪದ್ಧತಿ ಯಾವಾಗಲೂ ಕಾಯುತ್ತದೆ. ಚುನಾವಣೆಯಲ್ಲಿ ಠೇವಣಿ ಕಳೆದುಕೊಂಡವನೂ, ಕುರ್ಚಿಯಿಂದ ಎಳೆದು ಹಾಕಲ್ಪಟ್ಟವನೂ ಗಾಡಿಯ ಮುಂದೆ ಒಂದು ಪದ ಬರೆಸಿಕೊಂಡು ಸಾಯುವತನಕ ಮೆರೆಯಬಹುದು. ಮೂರನೆಯ ದಿನ ಅವನು ಬೋರ್ಡನ್ನು ಪೇಂಟರನ ಹತ್ತಿರ ಹೊತ್ತೊಯ್ದ. ಸಂಜೆಗೆ ಅದು ಮರಳಿ ಏರಿತು: 'ವಿಶ್ವರಾಧ್ಯ, ಮಾಜಿ ಗೇಮ್ ಡೈರೆಕ್ಟರ್'. ಶರತ್ತು ಡೈರೆಕ್ಟರಿಗೆ ಹಾಕಿದ್ದು, ಮಾಜಿಗಲ್ಲ ಎಂಬುದು ಅವನ ವಾದ. ಉಮಾಶ್ರೀ ಅದರ ಕೆಳಗೆ ಅದಕ್ಕಿಂತ ಎರಡು ಪಟ್ಟು ದೊಡ್ಡ ಅಕ್ಷರದಲ್ಲಿ 'ಜಾತಿ, ಆದಾಯ, ಪಹಣಿ ಇಲ್ಲಿ ಸಿಗುತ್ತವೆ' ಎಂದು ಬರೆಸಿದಳು.

ಜನ ತಿರುಗಿ ಬಂದರು. ಮೊದಲಿಗಿಂತ ಹೆಚ್ಚೇ ಬಂದರು; ಮಾಜಿ ಎಂದ ಮೇಲೆ ಹಿಂದೆ ಏನೋ ದೊಡ್ಡದು ಆಗಿದ್ದಿರಬೇಕು. ಮೊನ್ನೆ ಮುದನಾಳದ ಒಬ್ಬ ಮುದುಕ ಪಹಣಿಗೆ ಬಂದವನು ಕೈ ಮುಗಿದು, ಅಷ್ಟು ದೊಡ್ಡ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿದ. ವಿಶ್ವರಾಧ್ಯ ಅವನ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡೇ ನಿಟ್ಟುಸಿರು ಬಿಟ್ಟ.

"ಹೊಸಬರಿಗಿ ದಾರಿ ಬಿಡಬೇಕಲ್ಲರಿ, ಯಜಮಾನ್ರ."