ಭಾಗೀರಥಮ್ಮನ ಹನ್ನೊಂದು ತಾವರೆಗಳು

ಬರ್ಮಿಂಗ್‌ಹ್ಯಾಮಿನ ಹತ್ತಿರದ ಟಿವಿಡೇಲಿನ ಬಾಲಾಜಿ ದೇವಸ್ಥಾನದಿಂದ ಹತ್ತು ನಿಮಿಷ ನಡೆದರೆ ಭಾಗೀರಥಮ್ಮನ ಮನೆ. ಮುಂದಿನ ಕೋಣೆಯಲ್ಲಿ ಸೋಫಾ ಇರಬೇಕಾದ ಕಡೆ ಹೊಲಿಗೆ ಯಂತ್ರವಿದೆ. ಬಂದವರು ಬಟ್ಟೆಗಂಟು ಸರಿಸಿ ಕುರ್ಚಿ ಹುಡುಕಿಕೊಳ್ಳಬೇಕು. ಮಂಡ್ಯದ ಕಡೆಯಿಂದ ಇಂಗ್ಲೆಂಡಿಗೆ ಬಂದು ಮೂವತ್ತು ವರ್ಷದ ಮೇಲಾಯಿತು, ಈಗ ಅರವತ್ತಮೂರು ವಯಸ್ಸು. ಗಂಡ ತಿಮ್ಮಯ್ಯ ಆಸ್ಪತ್ರೆಯ ಲ್ಯಾಬಿನಲ್ಲಿ ದುಡಿದು ನಿವೃತ್ತನಾದ. ಆಕೆಗೆ ನಿವೃತ್ತಿ ಕೊಡುವವರು ಯಾರೂ ಇಲ್ಲ. ನಗರದ ಹಾರ್ಬೋರ್ನ್ ಬಡಾವಣೆಯ ಡಾಕ್ಟರಮ್ಮಂದಿರ ಮನೆಯಲ್ಲಿ ಮದುವೆ ಮುಂಜಿ ಬಂತೆಂದರೆ ರವಿಕೆ ಹೊಲಿಯಲು, ಸೀರೆಗೆ ಫಾಲ್ ಹಚ್ಚಲು ಭಾಗೀರಥಮ್ಮನೇ ಆಗಬೇಕು. "ನಾಳೆಗೇ ಬೇಕು ಆಂಟಿ" ಎನ್ನದೆ ಬಟ್ಟೆ ಕೊಟ್ಟವರನ್ನು ಆಕೆ ಇನ್ನೂ ಕಂಡಿಲ್ಲ. ಬೆನ್ನು ನೋಯುತ್ತದೆ, ಕಣ್ಣು ಮಂಜಾಗುತ್ತದೆ, ಆದರೆ ಆಗುವುದಿಲ್ಲ ಎನ್ನಲು ಬಾಯಿ ಬರುವುದಿಲ್ಲ.

ಡ್ಯಾಶ್‌ಬೋರ್ಡಿನ ಹೊದಿಕೆ ಆಕೆಯ ಕೊರಳಿಗೆ ಬಿದ್ದದ್ದೂ ಹಾಗೆಯೇ. ಕಾರು ಕೊಂಡ ನಮ್ಮವರು ಅದನ್ನು ಮೊದಲು ತರುವುದು ಟಿವಿಡೇಲಿಗೆ. ಚಕ್ರದಡಿ ನಿಂಬೆಹಣ್ಣು, ಬಾನೆಟ್ಟಿಗೆ ಹಾರ, ಡ್ಯಾಶ್‌ಬೋರ್ಡಿಗೆ ಅರಿಶಿನ ಕುಂಕುಮ. ಪೂಜೆ ಅರ್ಧ ಗಂಟೆಯಲ್ಲಿ ಮುಗಿಯುತ್ತದೆ, ಅರಿಶಿನದ ಕಲೆ ಮುಗಿಯುವುದಿಲ್ಲ. ಅರ್ಧಕ್ಕರ್ಧ ಕಾರು ಲೀಸಿನವು. ಮೂರು ವರ್ಷ ಕಳೆದು ಹಿಂದಿರುಗಿಸುವಾಗ ಕಲೆ ಕಂಡರೆ ತಕರಾರು. ಯಾರೋ ಒಬ್ಬರು, "ಮೇಲೊಂದು ಬಟ್ಟೆ ಹೊಲ್ದುಕೊಡಿ ಆಂಟಿ, ಅರಿಶಿನ ಅದರ ಮೇಲೇ ಇರ್ಲಿ" ಎಂದರು. ಬೆಂಗಳೂರಿನಲ್ಲಿ ಇಂಥ ಹೊದಿಕೆ ಹಾಕುವುದು ಬಿಸಿಲಿಗೆ ಡ್ಯಾಶ್‌ಬೋರ್ಡು ಬಿರಿಯದಿರಲಿ ಎಂದು. ಬರ್ಮಿಂಗ್‌ಹ್ಯಾಮಿನ ಬಿಸಿಲಿಗೆ ಹಪ್ಪಳ ಒಣಗುವುದಿಲ್ಲ, ಇನ್ನು ಡ್ಯಾಶ್‌ಬೋರ್ಡು ಬಿರಿಯುವುದೆಲ್ಲಿ ಬಂತು. ಆದರೂ ಭಾಗೀರಥಮ್ಮ ಹಳೆಯ ಪತ್ರಿಕೆ ಹಾಸಿ ಅಳತೆ ತೆಗೆದಳು, ಮೆರೂನ್ ಬಣ್ಣದ ವೆಲ್ವೆಟ್ ತಂದಳು, ಅಂಚಿಗೆ ಇಲಾಸ್ಟಿಕ್ ಹೊಲಿದಳು. ಕೈಗವಸಿನ ಹಾಗೆ ಕೂತುಬಿಟ್ಟಿತು.

ಒಂದೇ ಒಂದು ಜಾಗ ಆಕೆಯ ಕಣ್ಣಿಗೆ ಚುಚ್ಚುತ್ತಿತ್ತು. ಎಡಗಡೆ ಸೀಟಿನ ಮುಂದೆ ಪ್ಲಾಸ್ಟಿಕ್ಕಿನಲ್ಲೇ ಅಚ್ಚೊತ್ತಿದ ಅಕ್ಷರಗಳು, ಏರ್‌ಬ್ಯಾಗ್ ಎಂದು. ಓದಲು ಬಾರದವಳಲ್ಲ ಆಕೆ. ಆ ಚೀಲ ಸ್ಟೀರಿಂಗಿನ ಒಳಗಿರುತ್ತದೆಂದು ಎಲ್ಲೋ ಕೇಳಿದ್ದಳು. ಇಲ್ಲಿ ಬರೆದಿರುವುದು ಕಂಪನಿಯವರು ಜಂಬಕ್ಕೆ ಹಾಕಿಕೊಂಡದ್ದು, ಸೀರೆಯ ಸೆರಗಿಗೆ ಅಂಟಿಸುವ ಪ್ಯೂರ್ ಸಿಲ್ಕ್ ಚೀಟಿಯ ಹಾಗೆ, ಎಂದುಕೊಂಡಳು. ಸರಿಯಾಗಿ ಅದೇ ಅಕ್ಷರಗಳ ಮೇಲೆ ಬರುವಂತೆ ಒಂದು ತಾವರೆ ಹೊಲಿದಳು. ಸುಕ್ಕಾಗದಿರಲಿ ಎಂದು ಒಳಗೆ ದಪ್ಪ ಕ್ಯಾನ್ವಾಸ್ ಕೊಟ್ಟು, ಎರಡು ಪದರ ವೆಲ್ವೆಟ್ ಸೇರಿಸಿ, ಮೇಲೆ ಒತ್ತಾಗಿ ಜರಿ ಕಸೂತಿ. ಕೊಡುವ ಮೊದಲು ದೇವಸ್ಥಾನಕ್ಕೆ ಒಯ್ದು ಅರ್ಚಕರ ಕೈಯಲ್ಲಿ ಸ್ವಾಮಿಯ ಪಾದಕ್ಕಿಡಿಸಿ ತರುತ್ತಿದ್ದಳು. ಹೀಗೆ ಎರಡು ವರ್ಷದಲ್ಲಿ ಹನ್ನೊಂದು ಕಾರಿಗೆ ಹನ್ನೊಂದು ತಾವರೆ. ಅಳತೆ ಪುಸ್ತಕದಲ್ಲಿ ಮುಂದಿನಿಂದ ರವಿಕೆಗಳು, ಹಿಂದಿನಿಂದ ಕಾರುಗಳು.

ಹನ್ನೆರಡನೆಯದಕ್ಕೆ ಬಂದವನು ಪ್ರಶಾಂತ್, ಕಾರುಗಳ ಸುರಕ್ಷತೆ ಪರೀಕ್ಷಿಸುವ ಎಂಜಿನಿಯರ್. ಹೊದಿಕೆಯನ್ನು ಕೈಯಲ್ಲಿ ಹಿಡಿದು ತಾವರೆಯನ್ನು ಎರಡು ಬೆರಳಲ್ಲಿ ಅದುಮಿ ನೋಡಿದ.

"ಆಂಟಿ, ಈ ಹೂವಿನ ಕೆಳಗೆ ಏನು ಬರತ್ತೆ ಗೊತ್ತಾ?"

"ಏನೋ ಅಕ್ಷರ ಇತ್ತಲ್ಲಪ್ಪ. ಅಸಹ್ಯ ಕಾಣತ್ತೆ ಅಂತ ಮುಚ್ಚಿದೆ."

"ಅಕ್ಷರ ಅಲ್ಲ ಆಂಟಿ, ಅಲ್ಲೇ ಏರ್‌ಬ್ಯಾಗ್ ಇರೋದು. ಕಾರು ಗುದ್ದಿದ್ರೆ ಆ ಮುಚ್ಚಳ ಒಡ್ಕೊಂಡು ಚೀಲ ಹೊರಗೆ ಬರ್ಬೇಕು. ಇಷ್ಟು ದಪ್ಪ ಹೊಲ್ದಿದ್ರೆ ತಡ ಆಗಬಹುದು, ಇಲ್ಲಾ ಅಡ್ಡ ತಿರುಗಬಹುದು. ಪಕ್ಕದ ಸೀಟಲ್ಲಿ ಕೂತೋರ ಕತೆ?"

ಭಾಗೀರಥಮ್ಮ ಅಳತೆ ಪುಸ್ತಕವನ್ನು ಹಿಂದಿನಿಂದ ತೆರೆದಳು. ಹನ್ನೊಂದು ಕಾರಿನ ಎಡಗಡೆ ಸೀಟುಗಳು ಆಕೆಯ ಕಣ್ಣ ಮುಂದೆ ಬಂದವು. ಒಂದರಲ್ಲಿ ಬಸುರಿ ಹೆಣ್ಣುಮಗಳು ಕೂರುತ್ತಿದ್ದಳು. ಒಂದರಲ್ಲಿ ಎಪ್ಪತ್ತೆಂಟರ ನೀಲಮ್ಮ.

ಅಂದಿನಿಂದ ಯಂತ್ರಕ್ಕೆ ಮುಸುಕು ಹಾಕಿ, ಚೀಲದಲ್ಲಿ ಕತ್ತರಿ ಇಟ್ಟುಕೊಂಡು ಭಾಗೀರಥಮ್ಮ ಮನೆಮನೆ ಅಲೆಯತೊಡಗಿದಳು. ಮಾಡಿದ್ದುಣ್ಣೋ ಮಹರಾಯ. ಫೋನಿನಲ್ಲಿ ಹೇಳಿದರೆ "ಆಯ್ತು ಆಂಟಿ, ತೆಗೀತೀವಿ" ಎನ್ನುತ್ತಿದ್ದರು, ವಾರ ಕಳೆದರೂ ತೆಗೆಯುತ್ತಿರಲಿಲ್ಲ. ಪಾದಕ್ಕಿಟ್ಟ ಬಟ್ಟೆಗೆ ಕತ್ತರಿ ಹಾಕಲು ಯಾರಿಗೂ ಧೈರ್ಯವಿರಲಿಲ್ಲ. "ಹೊಲಿದವಳೂ ನಾನೇ, ಕತ್ತರಿಸೋಳೂ ನಾನೇ. ಪಾಪ ಬಂದ್ರೆ ನಂಗೇ ಬರ್ಲಿ" ಎಂದು ತಾನೇ ಕಾರಿನೊಳಗೆ ಕೂತು ತಾವರೆಯನ್ನು ಸುತ್ತಲೂ ಕತ್ತರಿಸಿ ತೆಗೆಯುತ್ತಿದ್ದಳು. ನೀಲಮ್ಮ ಚಹಾ ಕೊಟ್ಟು ಕಳಿಸಿದರು. ಬಸುರಿಯ ಗಂಡ ಬಾಗಿಲಲ್ಲೇ ನಿಲ್ಲಿಸಿ ಬೈದ, ಅವನು ಬೈದದ್ದೇ ಸರಿ ಎನಿಸಿತು. ಆರು ವಾರ, ಬಸ್ಸಿಂದ ಬಸ್ಸಿಗೆ, ಮಂಡಿನೋವಿನಲ್ಲಿ. ತಿಮ್ಮಯ್ಯನಿಗೆ ಕಣ್ಣಿನ ಪೊರೆ ಬಂದ ಮೇಲೆ ಅವರ ಮನೆಯಲ್ಲಿ ಕಾರಿಲ್ಲ. ಹತ್ತು ತಾವರೆಗಳು ಬಿಸ್ಕತ್ತಿನ ಡಬ್ಬಿ ಸೇರಿದವು.

ಉಳಿದದ್ದು ಹನ್ನೊಂದನೆಯದು. ಅದರ ಒಡತಿ ಮೊದಲು ಹಾರ್ಬೋರ್ನಿನಲ್ಲಿದ್ದು ಈಗ ಲೀಡ್ಸಿನಲ್ಲಿ ಜಿಪಿ, ಅಂದರೆ ಬಡಾವಣೆಯ ಡಾಕ್ಟರು, ಆಗಿರುವ ಉಷಾ. ಭಾಗೀರಥಮ್ಮ ಫೋನ್ ಮಾಡಿದಾಗ ಆ ಕಾರು ಮಗಳು ಸಿಂಚನಾಳ ಹತ್ತಿರವಿದೆ ಎಂದು ಗೊತ್ತಾಯಿತು. ಮಗಳು ಮ್ಯಾಂಚೆಸ್ಟರಿನಲ್ಲಿ ಓದುತ್ತಾಳೆ, ಫಾಲೋಫೀಲ್ಡಿನಲ್ಲಿ ರೂಮು.

"ಬಟ್ಟೆ ತಾನೆ ಭಾಗೀರಥಮ್ಮ, ಏನಾಗತ್ತೆ?" ಎಂದಳು ಉಷಾ, ಏರ್‌ಬ್ಯಾಗಿನ ವಿಷಯವೆಲ್ಲ ಕೇಳಿದ ಮೇಲೂ. "ಅವಳು ಒಬ್ಬಳೇ ಓಡಿಸ್ತಾಳೆ, ಕಣ್ಣೆದುರಿಗೆ ಸ್ವಾಮಿ ಬಟ್ಟೆ ಇದ್ರೆ ನಂಗೊಂದು ಧೈರ್ಯ. ನೋಡೋಣ ಬಿಡಿ."

ಬಿಪಿ ಮಾತ್ರೆ ಒಂದು ದಿನ ತಪ್ಪಿಸಿದವರಿಗೆ ಅರ್ಧ ಗಂಟೆ ಬುದ್ಧಿ ಹೇಳುವ ಡಾಕ್ಟರು ಹೀಗೆ ಅಡ್ಡಗೋಡೆಯ ಮೇಲೆ ದೀಪ ಇಟ್ಟರೆ ಯಾರಿಗೆ ಹೇಳುವುದು? ಮತ್ತೆ ಮೂರು ಸಲ ಫೋನ್ ಮಾಡಿದಳು. ಮೂರನೆಯ ಸಲ ಉಷಾ ಎತ್ತಲಿಲ್ಲ.

ಭಾಗೀರಥಮ್ಮನ ನಿದ್ದೆ ಹೋಯಿತು. ಕಣ್ಣು ಮುಚ್ಚಿದರೆ ಯಾರೋ ಒಬ್ಬ ಗೆಳತಿ ಆ ಹುಡುಗಿಯ ಪಕ್ಕದಲ್ಲಿ ಕೂತು ನಗುತ್ತಿರುವಂತೆ ಕಾಣುತ್ತಿತ್ತು. ತಿಮ್ಮಯ್ಯನದು ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಎನ್ನುವ ಜಾತಿ. ಅವನು ಬೆಳಿಗ್ಗೆ ಎದ್ದು ಹೇಳುತ್ತಿದ್ದ, "ಹತ್ತು ತೆಗ್ದಿದ್ದೀಯಲ್ಲ, ಇನ್ನೊಂದು ತಾನೆ. ಬಿಟ್ಟಾಕು."

"ಗುದ್ದೋ ಕಾರು ಅದೇ ಆದ್ರೆ ಹತ್ತು ತೆಗ್ದು ಏನ್ ಬಂತು ರೀ?" ಎಂದಳು ಭಾಗೀರಥಮ್ಮ.

ಕೊನೆಗೆ ಆಕೆ ಹುಟ್ಟಿದ ಮೇಲೆ ಹೇಳದ ಒಂದು ಸುಳ್ಳು ಹೇಳಿದಳು. ಮ್ಯಾಂಚೆಸ್ಟರಿಗೆ ಹೋಗುವ ಕೆಲಸವಿದೆ, ಮಗುವಿಗೆ ಚಕ್ಕುಲಿ ಕೊಟ್ಟು ಬರುತ್ತೇನೆ ಎಂದು ಉಷಾಳಿಗೆ ಮೆಸೇಜು ಕಳಿಸಿದಳು. ಚಕ್ಕುಲಿಯೆಂದರೆ ಎಂಥ ಬಾಗಿಲೂ ತೆರೆಯುತ್ತದೆ. ಪೋಸ್ಟ್‌ಕೋಡ್ ಸಮೇತ ವಿಳಾಸ ಬಂತು. ಶನಿವಾರ ಮಧ್ಯಾಹ್ನ ನಾನೂ ರೈಲಲ್ಲಿ ಅಲ್ಲಿಗೆ ಬರುತ್ತೇನೆ, ಸಿಗೋಣ, ಎಂದೂ ಇತ್ತು. ತಾಯಿ ಬರುವ ಮೊದಲೇ ಕೆಲಸ ಮುಗಿಸಬೇಕೆಂದು ಭಾಗೀರಥಮ್ಮ ಶನಿವಾರ ಬೆಳಿಗ್ಗೆಯೇ ಹೊರಟಳು. ರೈಲು ಒಂದೂವರೆ ಗಂಟೆ ತಡ. ಮ್ಯಾಂಚೆಸ್ಟರಿನಲ್ಲಿ ಇಳಿದು, ವಿಲ್ಮ್‌ಸ್ಲೋ ರಸ್ತೆಯ ಬಸ್ಸು ಹಿಡಿದು, ಕಸದ ತೊಟ್ಟಿಗಳು ಸಾಲಾಗಿ ನಿಂತ ಆ ಬೀದಿ ಹುಡುಕುವಷ್ಟರಲ್ಲಿ ಆಕೆಯ ಕಾಲು ಆಕೆಯದಾಗಿರಲಿಲ್ಲ.

ಮನೆಯ ಮುಂದೆ ಆ ಹುಡುಗಿ ಕಾರಿನ ಬಾಗಿಲು ತೆಗೆದು ಒಳಗೆ ಬಗ್ಗಿದ್ದಳು. ಕೈಯಲ್ಲಿ ಮೆರೂನ್ ವೆಲ್ವೆಟ್. ಅಂಚಿನ ಇಲಾಸ್ಟಿಕ್ಕನ್ನು ಎಳೆದೆಳೆದು ಕೂರಿಸುತ್ತಿದ್ದಳು.

"ಏನಮ್ಮಾ ಮಾಡ್ತಿದೀಯ?" ಎಂದಳು ಭಾಗೀರಥಮ್ಮ, ಗೇಟು ಹಿಡಿದುಕೊಂಡು.

ಸಿಂಚನಾ ಬೆಚ್ಚಿ ತಿರುಗಿದಳು. "ಓ, ಚಕ್ಕುಲಿ ಆಂಟಿ! ಹಾಯ್. ಸಾರಿ, ಐ ಆಮ್ ಲೇಟ್. ಅಮ್ಮನ್ನ ಪಿಕ್ ಮಾಡ್ಬೇಕು."

"ಅದು ಯಾವಾಗ್ಲೂ ಹಾಕಿರಲ್ವಾ?"

ಹುಡುಗಿ ನಾಚಿದಳು. "ಪ್ಲೀಸ್ ಡೋಂಟ್ ಟೆಲ್ ಮಮ್. ಗೋಲ್ಡ್ ಥ್ರೆಡ್ ಎಲ್ಲಾ ವಿಂಡ್‌ಸ್ಕ್ರೀನಲ್ಲಿ ರಿಫ್ಲೆಕ್ಟ್ ಆಗತ್ತೆ, ಐ ಕಾಂಟ್ ಡ್ರೈವ್. ಹಿಂದ್ಗಡೆ ಕಾರ್ ಬೂಟಲ್ಲಿ ಇಟ್ಟಿರ್ತೀನಿ. ಅಮ್ಮ ಬಂದಾಗ ಮಾತ್ರ ಹಾಕ್ತೀನಿ."

ಭಾಗೀರಥಮ್ಮ ಅಲ್ಲೇ ಗೋಡೆಯ ಮೇಲೆ ಕೂತಳು. ಇಷ್ಟು ದಿನ ತನ್ನ ಕಣ್ಣಿಗೆ ಕಟ್ಟಿದ್ದ ಆ ಗೆಳತಿಗೆ ಯಾವ ಅಪಾಯವೂ ಇರಲಿಲ್ಲ. ಆ ಸೀಟಿನಲ್ಲಿ ತಾವರೆಯ ಮುಂದೆ ಕೂರುತ್ತಿದ್ದವಳು ಒಬ್ಬಳೇ, ಅದನ್ನು ತೆಗೆಯಬೇಡಿ ಎಂದ ಉಷಾ. ನಗು ಬಂತು, ನಗಲು ಶಕ್ತಿ ಇರಲಿಲ್ಲ.

ವಿಷಯವನ್ನು ಎರಡೇ ಮಾತಿನಲ್ಲಿ ಹುಡುಗಿಗೆ ಹೇಳಿದಳು. ಸಿಂಚನಾ ಬಿಳುಚಿಕೊಂಡಳು. "ಓ ಮೈ ಗಾಡ್. ಅಮ್ಮ ಪ್ರತೀ ತಿಂಗಳು ಅಲ್ಲಿ ಕೂತ್ಕೋತಾರೆ." ಆಮೇಲೆ ದನಿ ಇಳಿಸಿ, "ಬಟ್ ತೆಗೆದ್ರೆ ಅಮ್ಮ ಕೇಳ್ತಾರೆ. ದಿನಾ ಇದಕ್ಕೆ ನಮಸ್ಕಾರ ಮಾಡಿ ಓಡಿಸ್ತೀನಿ ಅಂತ ಹೇಳಿದೀನಿ. ಶೀ ವಿಲ್ ಬಿ ಸೋ ಹರ್ಟ್."

"ನೀನೇನೂ ಹೇಳ್ಬೇಡ," ಎಂದು ಭಾಗೀರಥಮ್ಮ ಚೀಲದಿಂದ ಕತ್ತರಿ ತೆಗೆದಳು.

ಈ ತಾವರೆ ಹನ್ನೊಂದರಲ್ಲಿ ಎಲ್ಲಕ್ಕಿಂತ ಚೆನ್ನಾಗಿ ಬಂದದ್ದು. ಎಸಳಿನ ತುದಿಗೆ ಗುಲಾಬಿ ನೂಲು ಬಳಸಿ ನಾಲ್ಕು ದಿನ ಕೂತು ಹೊಲಿದದ್ದು. ಕತ್ತರಿ ಕ್ಯಾನ್ವಾಸಿನ ಮೇಲೆ ಎರಡು ಸಲ ಜಾರಿತು. ಅಷ್ಟು ಗಟ್ಟಿ ಹೊಲಿದಿದ್ದಳು ಪುಣ್ಯಾತಗಿತ್ತಿ. ಹೂವು ಕೈಗೆ ಬಂದಾಗ ಕೆಳಗೆ ಅಕ್ಷರಗಳು ಕಂಡವು.

ಸ್ಟೇಷನ್ನಿಗೆ ಹೋಗುವಾಗ ಆಕೆ ಹಿಂದಿನ ಸೀಟಿನಲ್ಲಿ ಕೂತಳು. ಉಷಾ ಬಂದು ಎಡಗಡೆಯ ಬಾಗಿಲು ತೆಗೆದವಳು ಹಾಗೇ ನಿಂತಳು. ವೆಲ್ವೆಟ್ಟಿನ ನಡುವೆ ಮೊರದಗಲ ತೂತು.

"ಏನಿದು?"

"ನಾನೇ ಕತ್ತರಿಸ್ದೆ ಡಾಕ್ಟ್ರೇ. ಮಗು ಬೇಡ ಬೇಡ ಅಂತು, ನಾನು ಕೇಳ್ಲಿಲ್ಲ."

"ಚಕ್ಕುಲಿ ಅಂತ ಹೇಳಿ ಅಡ್ರೆಸ್ ಇಸ್ಕೊಂಡು ಈ ಕೆಲ್ಸನಾ ಮಾಡೋದು?" ಉಷಾ ಹಿಂದಿನ ಸೀಟಿಗೆ ಕೈಚಾಚಿ ಭಾಗೀರಥಮ್ಮನ ಕೈಯಲ್ಲಿದ್ದ ತಾವರೆಯನ್ನು ಕಿತ್ತುಕೊಂಡಳು. "ಪಾದಕ್ಕಿಟ್ಟ ಬಟ್ಟೆಗೆ ಕತ್ತರಿ ಹಾಕೋಕೆ ನಿಮಗೆ ಕೈಯಾದ್ರೂ ಹೇಗೆ ಬಂತು? ನನ್ ಮಗಳು ದಿನಾ ಅದಕ್ಕೆ ಕೈ ಮುಗಿದು ಹೊರಡ್ತಾಳೆ. ಅಷ್ಟೇ ನಂಗಿದ್ದ ಸಮಾಧಾನ. ಹಾರ್ಬೋರ್ನಲ್ಲಿ ಎಲ್ಲರಿಗೂ ಹೇಳ್ತೀನಿ, ಇನ್ಮೇಲೆ ನಿಮ್ ಕೈಗೆ ಒಂದು ಕರ್ಚೀಫೂ ಕೊಡ್ಬೇಡಿ ಅಂತ."

ಸಿಂಚನಾ ಬಾಯಿ ತೆರೆದಳು. ಭಾಗೀರಥಮ್ಮ ಹಿಂದಿನಿಂದ ಅವಳ ಭುಜ ಅದುಮಿದಳು. ಒಂದು ಮಾತು ಹೊರಬಿದ್ದರೆ ಈ ಸಿಟ್ಟು ತನ್ನನ್ನು ಬಿಟ್ಟು ಆ ಹುಡುಗಿಯ ಕಡೆ ತಿರುಗುತ್ತಿತ್ತು. ಹೊಲಿಗೆ ಹೋದರೆ ಹೋಗಲಿ. ಬೆನ್ನಿಗಾದರೂ ರಜೆ ಸಿಕ್ಕೀತು.

"ತಪ್ಪು ನಂದೇ ಡಾಕ್ಟ್ರೇ," ಎಂದಳು. "ಹತ್ತಿ, ಬೆಲ್ಟ್ ಹಾಕ್ಕೊಳಿ. ನನ್ನ ಇಲ್ಲೇ ಇಳಿಸಿ, ರೈಲು ಹಿಡೀತೀನಿ."

"ಹಸಿದ ಹೊಟ್ಟೇಲಿ ಕಳಿಸೋಕಾಗತ್ತಾ? ಪುಳಿಯೋಗರೆ ತಂದಿದ್ದೀನಿ. ಊಟ ಮಾಡಿ ಹೋಗಿ," ಎಂದು ಉಷಾ ಸಿಟ್ಟಿನಲ್ಲೇ ಹೇಳಿ, ಮುಂದೆ ಕೂತು, ಬಾಗಿಲನ್ನು ಬಡಿದು ಹಾಕಿಕೊಂಡಳು. ತೊಡೆಯ ಮೇಲೆ ಆ ತಾವರೆ. ಬೆಲ್ಟು ಟಕ್ಕೆಂದು ಕೂತ ಸದ್ದು ಭಾಗೀರಥಮ್ಮನಿಗೆ ಕೇಳಿಸಿತು. ಎರಡು ಸೀಟುಗಳ ಸಂದಿಯಿಂದ ಬಗ್ಗಿ ನೋಡಿದಳು. ಉಷಾಳ ಮುಂದೆ ಈಗ ಏನೂ ಅಡ್ಡ ಇರಲಿಲ್ಲ. ಹನ್ನೊಂದು. ಆಕೆ ತಲೆಯನ್ನು ಹಿಂದಕ್ಕೆ ಆನಿಸಿದಳು.

ಎರಡನೆಯ ಸಿಗ್ನಲ್ ದಾಟುವಷ್ಟರಲ್ಲಿ ಹಿಂದಿನ ಸೀಟಿನಿಂದ ಗೊರಕೆ ಕೇಳಿಸಿತು. ಉಷಾ ತಿರುಗಿ ನೋಡಿದಳು.

"ನೋಡು," ಎಂದಳು ಮಗಳಿಗೆ, "ಇಷ್ಟೆಲ್ಲಾ ಮಾಡಿ ಎಷ್ಟು ಆರಾಮಾಗಿ ನಿದ್ದೆ ಹೊಡೀತಿದ್ದಾರೆ. ಒಂಚೂರಾದ್ರೂ ಮನಸ್ಸಿಗೆ ಚುಚ್ಚಬೇಡ್ವಾ?"

ಸಿಂಚನಾ ಆಂಟಿಗೆ ಎಚ್ಚರವಾಗದಂತೆ ನಿಧಾನವಾಗಿ ಬ್ರೇಕು ಒತ್ತಿದಳು.