ಹೊಸ್ತಿಲ ಕೆಮ್ಮು

ಕಟಕೋಳದ ದುಂಡಪ್ಪ ಮನೆಯೊಳಗೆ ಕಾಲಿಡುವ ಮುಂಚೆ ಹೊಸ್ತಿಲಲ್ಲಿ ನಿಂತು ಒಮ್ಮೆ ಕೆಮ್ಮುತ್ತಿದ್ದ. ಆ ಕೆಮ್ಮು ಕೇಳಿದರೆ ಸಾಕು, ತಮ್ಮನ ಹೆಂಡತಿ ಪಾರವ್ವ ಉಣ್ಣುತ್ತಿದ್ದರೂ ಎದ್ದು, ತಲೆ ತುಂಬ ಸೆರಗು ಹೊದ್ದು ನಿಲ್ಲುತ್ತಿದ್ದಳು. ಮೂವತ್ತು ವರ್ಷ ಒಂದು ದಿನವೂ ತಪ್ಪಿಸಿರಲಿಲ್ಲ. "ಪಾರವ್ವನ್ನ ನೋಡಿ ಕಲೀರಿ" ಎಂದು ದುಂಡಪ್ಪ ತನ್ನ ಸೊಸೆಯಂದಿರನ್ನು ಚುಚ್ಚುತ್ತಿದ್ದ. ಎಂಥ ಹೆಮ್ಮೆಯೋ!

ಹೋದ ವರ್ಷ ಪಾರವ್ವನ ಹೃದಯದ ರಕ್ತನಾಳ ಕಟ್ಟಿಕೊಂಡಿತು. ಬೆಳಗಾವಿಯಲ್ಲಿ ಸ್ಟೆಂಟ್ ಹಾಕಿದ ಡಾಕ್ಟರು ಹೊರಗೆ ಬಂದು ಅಣ್ಣತಮ್ಮಂದಿರಿಬ್ಬರಿಗೂ ಹೇಳಿದರು: "ಮುಂಗೈ ನರಾ ಭಾಳ ಸಣ್ಣ ಐತ್ರಿ, ತಂತಿ ಹೋಗಲಿಲ್ಲ. ತೊಡಿಸಂದಿನ ದೊಡ್ಡ ನರದಿಂದ ಹೋಗೇವಿ. ಆರು ತಾಸು ಏಳಂಗಿಲ್ಲ, ಕಾಲು ಮಡಚಂಗಿಲ್ಲ."

ಆರು ತಾಸು ತುಂಬುವ ಮೊದಲೇ, ಮಧ್ಯಾಹ್ನ ದುಂಡಪ್ಪ ಅವಳನ್ನು ನೋಡಲು ಹೋದ. ಮುಂಗೈಯಿಂದ ಸ್ಟೆಂಟ್ ಹಾಕಿಸಿಕೊಂಡ ಪಕ್ಕದ ಮಂಚದ ಮುದುಕಿ ಆಗಲೇ ಎದ್ದು ಕುಳಿತು ಚಹಾ ಕುಡಿಯುತ್ತಿದ್ದಳು. ಬಾಗಿಲಲ್ಲಿ ನಿಂತ ದುಂಡಪ್ಪ, ರೂಢಿಯಂತೆ, ಕೆಮ್ಮಿದ.

ಪಾರವ್ವ ದಡಕ್ಕನೆ ಎದ್ದು ಕುಳಿತು ಸೆರಗು ಎಳೆದುಕೊಂಡಳು.

"ಮಲಕೋವಾ, ಮಲಕೋ!" ಎಂದು ದುಂಡಪ್ಪ ಚೀರಿದ. ಅವನು ಅವಳಿಗೆ ಹಾಗೆ ಹೇಳಿದ್ದು ಅದೇ ಮೊದಲು.

"ಇರಲಿ ಭಾವಾರ, ನೀವು ಕೂಡ್ರಿ" ಎಂದಳು.

ಅಷ್ಟರಲ್ಲಿ ತೊಡೆಯ ಗಾಯ ಒಳಗೊಳಗೇ ಒಡೆದು ಹೊಟ್ಟೆಯಲ್ಲಿ ರಕ್ತ ತುಂಬತೊಡಗಿತ್ತು. ಡಾಕ್ಟರು ಎಷ್ಟು ಒದ್ದಾಡಿದರೂ ನಿಲ್ಲಲಿಲ್ಲ. ಹೊತ್ತು ಮುಳುಗುವುದರೊಳಗೆ ಪಾರವ್ವ ಹೋದಳು.

ಈಗ ನಿಜವಾಗಿ ಕೆಮ್ಮು ಬಂದರೂ ದುಂಡಪ್ಪ ಹೆಗಲ ಟವೆಲ್ಲನ್ನು ಬಾಯಿಗೆ ತುರುಕಿಕೊಂಡು, ಅದು ಇಳಿಯುವವರೆಗೆ ಅಂಗಳದಲ್ಲೇ ನಿಲ್ಲುತ್ತಾನೆ. ಒಳಗೆ ಯಾರೂ ಏಳಬಾರದು.