ಒಂದಡಿ ಜಾಸ್ತಿ

ಹಸಿ ಸಿಮೆಂಟಿನ ವಾಸನೆ ನನಗೆ ಇಷ್ಟ. ಇವತ್ತು ಬೆಳಿಗ್ಗೆ ರಾಮನಗರದ ನಮ್ಮ ಮನೆಯ ಮೂರನೇ ಮಹಡಿಯ ಹೊಸ ಮೋಲ್ಡಿಂಗಿಗೆ ನೀರು ಬಿಡುತ್ತಾ ಅದನ್ನೇ ಸವಿಯುತ್ತಿದ್ದೆ. ಅಷ್ಟರಲ್ಲಿ ಫೋನಿಗೆ ಒಂದು ವಿಡಿಯೊ ಬಂತು. ನಿಮಗೂ ಇಂಥವು ಬರುತ್ತಿರಬಹುದು: ಮೇಲೆ ಮರಳುಗಾಡಿನ ಗಗನಚುಂಬಿಗಳು, ಕೆಳಗೆ ಹದೀಸಿನಲ್ಲಿರುವ ಪ್ರವಾದಿಯವರ ಮಾತು. ಬರಿಗಾಲ ಕುರಿಗಾಹಿಗಳು ಎತ್ತರದ ಕಟ್ಟಡ ಕಟ್ಟಲು ಪೈಪೋಟಿಗಿಳಿದರೆ ಕಯಾಮತ್, ಅಂದರೆ ಲೋಕದ ಕಡೆಯ ದಿನ, ಹತ್ತಿರ ಬಂತೆಂದು ತಿಳಿಯಬೇಕಂತೆ. ಆಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ. ಕಯಾಮತ್ತಿನ ಭಯವಲ್ಲ, ಕೆಂಪಣ್ಣನ ನೆನಪು.

ಕೂಟಗಲ್ಲಿನ ಕೆಂಪಣ್ಣ ಕುರಿ ಸಾಕುವವನು, ನಮ್ಮ ಅಬ್ಬಾನ ವಾರಿಗೆಯವನು. ಬಕ್ರೀದಿನ ಟಗರು ಅವನ ಹಟ್ಟಿಯಿಂದಲೇ ಬರಬೇಕು. ಹಬ್ಬಕ್ಕೆ ವಾರ ಮೊದಲೇ ತಂದು ಕಟ್ಟಿ, ವಯಸ್ಸು ತಿಳಿಯಲೆಂದು ಅಬ್ಬಾಗೆ ಅದರ ಹಲ್ಲು ತೋರಿಸಿ, ಯಾವ ಸೊಪ್ಪಿಗೆ ಮೂತಿ ತಿರುಗಿಸುತ್ತದೆ ಎಂದು ಹೇಳಿ, ಟೀ ಕುಡಿದು ಹೋಗುತ್ತಿದ್ದ. ಕೆಲವು ವರ್ಷಗಳ ಹಿಂದೆ ರಸ್ತೆ ಬದಿಯ ತುಂಡು ಜಮೀನು ಮಾರಿ ಅವನು ಮೂರಂತಸ್ತಿನ ಮನೆ ಕಟ್ಟಿದ. ಗೃಹಪ್ರವೇಶಕ್ಕೆ ಅಬ್ಬಾನ ಜೊತೆ ನಾನೂ ಹೋದೆ. ಆಗ ನಾನು ಫೋನಿನಲ್ಲಿ ನಾಲ್ಕು ಪ್ರವಚನ ಕೇಳಿ ಮೌಲ್ವಿಗಿಂತ ಒಂದು ಕೈ ಹೆಚ್ಚು ತಿಳಿದವನಾಗಿದ್ದೆ. ಪಂಕ್ತಿಯಲ್ಲಿ ಕೂತವರೆದುರೇ ಇದೇ ಹದೀಸನ್ನು ಬಿಡಿಸಿ ಹೇಳಿ, ಕಯಾಮತ್ತಿನ ಗುರುತು ಇಲ್ಲೇ ಕಾಣ್ತಿದೆಯಲ್ಲ ಕೆಂಪಣ್ಣ, ಎಂದುಬಿಟ್ಟೆ. ತಮಾಷೆ ಅಂದುಕೊಂಡಿದ್ದೆ.

ಬಡಿಸುತ್ತಿದ್ದ ಅವನ ಕೈ ನಿಂತಿತು. "ನಾವು ಮನೆ ಕಟ್ಟುದ್ರೆ ಲೋಕ ಮುಳುಗೋಯ್ತದೇನಪ್ಪಾ?" ಎಂದ, ಮೆತ್ತಗೆ.

ಬರುವಾಗ ಅಬ್ಬಾ ಗಾಡಿಯ ಹಿಂದೆ ಕೂತು ದಾರಿಯುದ್ದಕ್ಕೂ ಬೈದರು. ಗುರುತು ಹೇಳಿರುವುದು ನಿನ್ನನ್ನು ನೀನು ನೋಡಿಕೊಳ್ಳಲು, ಕಂಡವರ ಮಹಡಿ ಎಣಿಸಲು ಅಲ್ಲ ಎಂದರು. ಹೋಗಿ ತಪ್ಪಾಯಿತು ಅನ್ನು ಎಂದರು. ನಾನು ನಾಳೆ ನಾಳೆ ಎನ್ನುತ್ತಲೇ ಉಳಿದೆ. ಆ ಬಕ್ರೀದಿಗೆ ಕೂಟಗಲ್ಲಿನ ಟಗರು ಬರಲಿಲ್ಲ, ಆಮೇಲೆಯೂ ಬರಲಿಲ್ಲ. ಅಬ್ಬಾ ಈಗ ಇಲ್ಲ.

ಇದನ್ನೆಲ್ಲ ಮೆಲುಕು ಹಾಕುತ್ತಿದ್ದಾಗ ಮೇಸ್ತ್ರಿ ಬಂದು ಕೇಳಿದ: "ಪ್ಯಾರಪೆಟ್ ಗೋಡೆ ಪಕ್ಕದ ಮನೆಯೋರ್ ಸಮಕ್ಕೆ ಸಾಕಾ, ಇಲ್ಲ ನೆನ್ನೆ ಹೇಳುದ್ರಲ್ಲ, ಒಂದಡಿ ಜಾಸ್ತಿನೇ ಮಾಡ್ಲಾ?"

ಕಾಲು ನೋಡಿಕೊಂಡೆ. ನೀರಿನಲ್ಲಿ ಬರಿಗಾಲಲ್ಲೇ ನಿಂತಿದ್ದೆ. ಹದೀಸಿನಲ್ಲಿ ಪೈಪೋಟಿಯ ಮಾತೂ ಇತ್ತು. ಕುರಿಗಾಹಿಯ ಮೇಲಷ್ಟೇ ಕಣ್ಣಿಟ್ಟ ನನಗೆ ಅದು ಕಂಡೇ ಇರಲಿಲ್ಲ. ನಾಚಿಕೆಯಾಯಿತು. ಸಮಕ್ಕೇ ಇರಲಿ ಎಂದು ಹೇಳಿ, ಕೆಳಗಿಳಿದು, ಕೂಟಗಲ್ಲಿನ ಕಡೆ ಗಾಡಿ ತಿರುಗಿಸಿದೆ.

ಕೆಂಪಣ್ಣ ಮನೆ ಮುಂದೆ ಕುರಿಗಳಿಗೆ ಸೊಪ್ಪು ಹಾಕುತ್ತಿದ್ದ. ತಪ್ಪಾಯಿತು ಎಂದೆ. ಅವನು ಸೊಪ್ಪಿನ ಕಂತೆಯನ್ನು ನನ್ನ ಕೈಗೆ ಕೊಟ್ಟ.

"ಲೋಕ ಮುಳುಗೋಕ್ ಮುಂಚೆ ಬಂದ್ಬುಟ್ಟೆ ಬುಡು. ಒಸಿ ಆ ಟಗರ್‌ಗಾಕು. ನಿಮ್ಮಪ್ಪ ಇದ್ದಿದ್ರೆ ಇಷ್ಟೊತ್ಗೆ ಅದ್ರ ಹಲ್ಲು ನೋಡಿರೋರು."